ಎಂಟು ಸಾವಿರ ಗಂಟೆ

ಹಾಲಿನವನು ಬಾಗಿಲ ಹಿಡಿಗೆ ನೇತುಹಾಕಿದ ಚೀಲದೊಳಗೆ ಪ್ಯಾಕೆಟ್ಟುಗಳನ್ನು ಬಿಡುವ ಸದ್ದಿಗೆ ನನಗೆ ಬೆಳಗಾಗುತ್ತದೆ. ಆ ಗುರುವಾರವೂ ಹಾಗೇ ಆಯಿತು. ಎದ್ದು ಮುಖ ತೊಳೆದು ಹಾಲು ಕಾಯಲಿಟ್ಟೆ. ಫಿಲ್ಟರಿಗೆ ಪುಡಿ ತುಂಬಿ ಬಿಸಿನೀರು ಹೊಯ್ದು, ಡಿಕಾಕ್ಷನ್ ತೊಟ್ಟಿಕ್ಕಲು ಶುರುವಾಯಿತೇ ಎಂದು ಕಿವಿಗೊಟ್ಟೆ. ಎದುರು ಮನೆಯ ಟ್ಯಾಂಕು ತುಂಬಿ ಗೋಡೆಗುಂಟ ಹರಿಯುತ್ತಿತ್ತು, ಯಾರೂ ಮೋಟಾರು ನಿಲ್ಲಿಸಿರಲಿಲ್ಲ. ಹಳೇ ಮದ್ರಾಸ್ ರಸ್ತೆಯ ಕಡೆಯಿಂದ ಮೆಟ್ರೊ ಹೋದದ್ದು ಕೇಳಿಸಿತು. ಇಂದಿರಾನಗರದ ಈ ಹಿಂದಿನ ಓಣಿಯಲ್ಲಿ ಆ ಹೊತ್ತಿಗೆ ಮಾತ್ರ ಅದು ಕೇಳಿಸುತ್ತದೆ.

ಕಾದ ಹಾಲಿನಲ್ಲಿ ಅರ್ಧವನ್ನು ಹೆಪ್ಪು ಹಾಕಲು ಬೇರೆ ಪಾತ್ರೆಗೆ ಬಗ್ಗಿಸಿ, ಬೇಗ ಆರಲಿ ಎಂದು ತಣ್ಣೀರಿನ ಬೇಸಿನ್ನಿನಲ್ಲಿ ಇಟ್ಟೆ. ಹಾಲು ಉಗುರುಬೆಚ್ಚಗಾಗುವಷ್ಟರಲ್ಲಿ ಬೇಸಿನ್ನಿನ ನೀರೂ ಬೆಚ್ಚಗಾಗಿರುತ್ತದೆ. ಆ ನೀರನ್ನು ನಾನು ಚೆಲ್ಲುವುದಿಲ್ಲ, ಜಿಡ್ಡಿನ ಬಾಣಲೆಗೆ ಹೊಯ್ಯುತ್ತೇನೆ. ಇದನ್ನು ನನಗೆ ಕಲಿಸಿದವರು ಗಂಡ. ಮದುವೆಯ ಹೊಸತರಲ್ಲಿ ಒಂದು ದಿನ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಕೇಳಿದ್ದರು.

"ಆ ನೀರು ಏನ್ ಮಾಡ್ತಿ?"

"ಚೆಲ್ತೀನಿ."

"ಚೆಲ್ತಿ? ಹಾಲಿನ ಬಿಸಿ ಎಲ್ಲಾ ಅದರಾಗ ಐತಿ. ಗ್ಯಾಸಿಗೆ ರೊಕ್ಕ ಕೊಟ್ಟು ಮಾಡಿದ ಬಿಸಿ ಅದು. ನಮ್ಮ ಆಫೀಸಿನ್ಯಾಗ ಹಿಂಗ ಚೆಲ್ಲಿದ್ರ ಮರುದಿನಾನ ಮನೀಗೆ ಕಳಸ್ತಾರ ನನ್ನ!"

ಇಬ್ಬರೂ ನಕ್ಕಿದ್ದೆವು. ಆಮೇಲೆ ಅದು ಅಭ್ಯಾಸವಾಗಿಹೋಯಿತು.

ಅವರು ಹುಬ್ಬಳ್ಳಿ ಕಡೆಯವರು, ಕೆಮಿಕಲ್ ಎಂಜಿನಿಯರ್. ಕಾರ್ಖಾನೆಯನ್ನು ನೆಲದ ಮೇಲೆ ಕಟ್ಟುವ ಮೊದಲು ಕಾಗದದ ಮೇಲೆ ಕಟ್ಟುವುದು ಅವರ ಕೆಲಸ. ಏನನ್ನು ಎಲ್ಲಿ ಕುದಿಸಬೇಕು, ಎಲ್ಲಿ ಆರಿಸಬೇಕು, ಯಾವ ಪೈಪು ಎಲ್ಲಿಗೆ ಹೋಗಬೇಕು, ಇಷ್ಟೂ ಎಷ್ಟು ಕಡಿಮೆ ಖರ್ಚಿನಲ್ಲಿ ಆಗಬೇಕು. ಕುದಿಸಲು ಉಗಿ ಬೇಕು, ಆರಿಸಲು ತಣ್ಣೀರು ಬೇಕು, ಎರಡಕ್ಕೂ ದುಡ್ಡು. ಆದ್ದರಿಂದ ಆರಬೇಕಾದದ್ದನ್ನು ಕಾಯಬೇಕಾದದ್ದರ ಪಕ್ಕದಲ್ಲೇ ಹರಿಸುತ್ತಾರೆ, ನಡುವೆ ತೆಳ್ಳನೆಯ ಉಕ್ಕಿನ ಗೋಡೆ ಇಟ್ಟು. ಒಂದರ ಬಿಸಿ ಇನ್ನೊಂದಕ್ಕೆ ಹೋಗುತ್ತದೆ, ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ಈ ಏರ್ಪಾಡಿಗೆ ಹೀಟ್ ಎಕ್ಸ್‌ಚೇಂಜರ್ ಎನ್ನುತ್ತಾರೆ. ಇಂಥವು ಹೆಚ್ಚಾದಷ್ಟೂ ಹೆಚ್ಚು ಬಿಸಿ ಉಳಿಯುತ್ತದೆ. ಆದರೆ ಅವಕ್ಕೂ ಉಕ್ಕು ಬೇಕು, ಜಾಗ ಬೇಕು, ಒಳಗೆ ಕಟ್ಟಿದ ಕೊಳೆ ಕೆರೆದು ತೊಳೆಯುವ ಜನ ಬೇಕು. ಯಾವುದೋ ಒಂದು ಹಂತ ದಾಟಿದ ಮೇಲೆ ಬಿಸಿಯನ್ನು ಉಳಿಸುವುದಕ್ಕಿಂತ ಬಿಟ್ಟುಬಿಡುವುದೇ ಅಗ್ಗವಾಗುತ್ತದೆ. ಆ ಹಂತ ಎಲ್ಲಿದೆ ಎಂದು ಹುಡುಕುವುದರಲ್ಲಿ ನನ್ನ ಗಂಡನ ಹದಿನೆಂಟು ವರ್ಷ ಕಳೆದಿದೆ.

ಇದೆಲ್ಲ ನನಗೆ ಗೊತ್ತಾದದ್ದು ಇಂಗ್ಲಿಷಿನ ದೆಸೆಯಿಂದ. ಅವರು ಹೈಸ್ಕೂಲು ಮುಗಿಯುವವರೆಗೆ ಕನ್ನಡದಲ್ಲೇ ಓದಿದವರು. ಲೆಕ್ಕದಲ್ಲಿ ಎಂಥವರನ್ನೂ ಸೋಲಿಸುತ್ತಾರೆ, ಒಂದು ಪುಟ ಇಂಗ್ಲಿಷ್ ಬರೆಯುವಷ್ಟರಲ್ಲಿ ಬೆವರುತ್ತಾರೆ. ನಾನು ಹಲಸೂರಿನಲ್ಲಿ ಹುಟ್ಟಿ ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಸಿಸ್ಟರ್ ಒಬ್ಬರು ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಂಡು ಓದುವುದನ್ನು ಕಲಿಸಿದ್ದರು, ಕಣ್ಣು ಮುಂದಕ್ಕೆ ಓಡಿಹೋಗಬಾರದೆಂದು. ಗಂಡನ ವರದಿಗಳೆಲ್ಲ ಹಾಗೆ ನನ್ನ ಸ್ಕೇಲಿನ ಮೇಲೆ ಹಾದುಹೋದ ಮೇಲೆಯೇ ಆಫೀಸು ಸೇರುತ್ತವೆ. ಅರ್ಥವಾಗದ ಪದಗಳನ್ನು ಕೇಳುತ್ತೇನೆ, ಅವರು ಊಟದ ತಟ್ಟೆಯ ಪಕ್ಕ ಚಿತ್ರ ಬರೆದು ಹೇಳುತ್ತಾರೆ. ನಮಗೆ ಮಕ್ಕಳಿಲ್ಲ. ಅಮ್ಮ ತೀರಿಕೊಂಡ ಮೇಲೆ ಹಲಸೂರಿನ ಮನೆಯೂ ಮಾರಿಹೋಯಿತು. ಶಾಲೆಯ ಗೆಳತಿಯರು ದಿನಾ ಬೆಳಿಗ್ಗೆ ಫೋನಿಗೆ ಗುಲಾಬಿಯ ಚಿತ್ರ ಕಳಿಸುತ್ತಾರೆ, ನಾನು ಕೈಮುಗಿದ ಚಿತ್ರ ಕಳಿಸುತ್ತೇನೆ. ಹೀಗಾಗಿ ಯಾರಾದರೂ ನನ್ನೊಡನೆ ಸತತವಾಗಿ ಅರ್ಧ ಗಂಟೆ ಮಾತಾಡುವುದೆಂದರೆ ಆ ವರದಿಗಳ ಸಂಜೆಗಳಲ್ಲಿ ಮಾತ್ರ.

ಆ ಗುರುವಾರದ ವರದಿ ಒಂದು ದೊಡ್ಡ ಕೆಲಸದ್ದು. ಔಷಧಿ ತಯಾರಿಕೆಯಲ್ಲಿ ಬಳಸಿ ಕೊಳೆಯಾದ ಸಾಲ್ವೆಂಟನ್ನು, ಎಂದರೆ ಪುಡಿ ಕರಗಿಸುವ ದ್ರವವನ್ನು, ಮತ್ತೆ ಕುದಿಸಿ ಶುದ್ಧ ಮಾಡುವ ಕಾರ್ಖಾನೆ. ಹೊರರಾಜ್ಯದಲ್ಲಿ, ಸಮುದ್ರದ ದಂಡೆಯಲ್ಲಿ ಕಟ್ಟಬೇಕಾದದ್ದು. ಕಂಪನಿಯ ಪುಣೆ ಆಫೀಸಿನವರು ಅದಕ್ಕೊಂದು ವಿನ್ಯಾಸ ಮಾಡಿದ್ದರು, ಇವರು ಒಂದು ಮಾಡಿದ್ದರು. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಎರಡನ್ನೂ ಮುಂದಿಟ್ಟುಕೊಂಡು ಒಂದನ್ನು ಆರಿಸುವುದಿತ್ತು. ಇವರದು ಆಯ್ಕೆಯಾದರೆ ಇವರೇ ಹೋಗಿ ಎರಡು ವರ್ಷ ನಿಂತು ಕಟ್ಟಿಸಬೇಕು. ಅಲ್ಲಿಯ ಕ್ಯಾಂಪಿನಲ್ಲಿ ಒಬ್ಬರಿಗೆ ಒಂದು ಕೋಣೆ, ಸಂಸಾರ ಕರೆದೊಯ್ಯುವಂತಿಲ್ಲ. ಆಯ್ಕೆಯಾಗದಿದ್ದರೆ ಎಂದಿನಂತೆ ಕೆ.ಆರ್. ಪುರದಾಚೆಯ ಆಫೀಸು, ಎಂದಿನಂತೆ ಸಂಜೆ.

ಈ ವಿಷಯ ಹೇಳಿದ ದಿನ ಅವರು, "ನಿನಗೇನೂ ತ್ರಾಸಿಲ್ಲ ಬಿಡು. ಮೆಟ್ರೊ ಐತಿ, ಅಂಗಡಿ ಅದಾವು, ಡಾಕ್ಟರ್ ಅದಾರ. ಎಲ್ಲಾ ಕೈಗೆಟಕೂ ಹಂಗ ಐತಿ ಇಲ್ಲೆ," ಎಂದಿದ್ದರು. ಒಂದು ಮನೆ ನಡೆಯಲು ಬೇಕಾದದ್ದೆಲ್ಲ ಆ ಪಟ್ಟಿಯಲ್ಲಿ ಇತ್ತು. ನಾನು ಹೂಂ ಎಂದಿದ್ದೆ.

ಬುಧವಾರ ಸಂಜೆ ವರದಿಯನ್ನು ಕೊನೆಯ ಸಲ ಓದಲು ಕುಳಿತೆ. ಹದಿನಾಲ್ಕನೇ ಪುಟದಲ್ಲಿ ಒಂದು ಸಣ್ಣ ಕೋಷ್ಟಕವಿತ್ತು, ಎಲ್ಲಕ್ಕಿಂತ ಕೊನೆಯ, ಎಲ್ಲಕ್ಕಿಂತ ಚಿಕ್ಕ ಎಕ್ಸ್‌ಚೇಂಜರಿನದು. ಅದನ್ನು ಅವರು ಹಿಂದಿನ ದಿನವಷ್ಟೇ ಊಟದ ಮೇಜಿನ ಮೇಲೆ ಗಡಿಬಿಡಿಯಲ್ಲಿ ಸೇರಿಸಿದ್ದರು. ಸ್ಕೇಲು ಮೂರನೇ ಸಾಲಿಗೆ ಬಂದು ನಿಂತಿತು. ಕಾರ್ಖಾನೆ ವರ್ಷಕ್ಕೆ ಎಷ್ಟು ಗಂಟೆ ಓಡುತ್ತದೆ ಎಂಬ ಕಡೆ ೮೭೬೦ ಎಂದಿತ್ತು. ಉಳಿದ ಕೋಷ್ಟಕಗಳಲ್ಲೆಲ್ಲ ೮೦೦೦. ಲೆಕ್ಕ ನನಗೆ ಬರುವುದಿಲ್ಲ, ಆದರೆ ಅಂಕಿಗಳ ಮುಖ ಪರಿಚಯವಿದೆ. ಕಾರ್ಖಾನೆಯನ್ನು ವರ್ಷಕ್ಕೊಮ್ಮೆ ಹೆಚ್ಚುಕಡಿಮೆ ಒಂದು ತಿಂಗಳು ನಿಲ್ಲಿಸಿ, ಆರಲು ಬಿಟ್ಟು, ಬಿಚ್ಚಿ ತೊಳೆದು ರಿಪೇರಿ ಮಾಡುತ್ತಾರೆ. ಅದಕ್ಕೇ ಎಂಟು ಸಾವಿರ ಎಂದು ಅವರೇ ಎಷ್ಟೋ ಸಲ ಹೇಳಿದ್ದರು. ಈ ಒಂದು ಕಡೆ ಮಾತ್ರ, ದಣಿವಿನಲ್ಲೋ ಆತುರದಲ್ಲೋ, ವರ್ಷದ ಅಷ್ಟೂ ಗಂಟೆಗಳನ್ನು ಕಾರ್ಖಾನೆಗೇ ಬರೆದುಕೊಟ್ಟಿದ್ದರು. ಗಂಟೆ ಹೆಚ್ಚಾದರೆ ಉಳಿತಾಯವೂ ಹೆಚ್ಚು ಕಾಣುತ್ತದೆ, ಆ ಚಿಕ್ಕ ಎಕ್ಸ್‌ಚೇಂಜರು ಇಡುವುದೇ ಸರಿ ಅನ್ನಿಸುತ್ತದೆ. ಆಯ್ಕೆಗೆ ಕುಳಿತವರು ಇಂಥದ್ದನ್ನೇ ಹುಡುಕುತ್ತಾರೆ. ಸಿಕ್ಕಿತೆಂದರೆ ಇಡೀ ವರದಿಯ ಮೇಲೆ ಅನುಮಾನ ಬರುತ್ತದೆ.

ನನ್ನ ಪೆನ್ಸಿಲು ಕಾಗದದ ಮೇಲೆಯೇ ಇತ್ತು. ಗುರುತು ಹಾಕಲಿಲ್ಲ. ಪುಟ ತಿರುಗಿಸಿ, ಹದಿನೈದರಲ್ಲಿ ಒಂದು ಕಾಮಾ ತಿದ್ದಿದೆ.

ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆಯ ಮುಂದೆ ಅವರು ಇಸ್ತ್ರಿಯ ಅಂಗಿ ಹಾಕಿಕೊಂಡು ಕುಳಿತಿದ್ದರು, ಕತ್ತಿನ ಬಳಿ ಶೇವಿಂಗ್ ನೊರೆ ಒಂದಿಷ್ಟು ಉಳಿದಿತ್ತು.

"ಎಲ್ಲಾ ನೋಡಿದಿ ಹೌದಿಲ್ಲೊ? ತಪ್ಪೇನಿಲ್ಲಲ್ಲ?"

"ಕಾಮಾ ಒಂದೆರಡು. ತಿದ್ದಿದ್ದೀನಿ."

"ಪುಣೆದಾಗ ಒಬ್ಬಾವ ಅದಾನ, ನನ್ನ ಇಂಗ್ಲಿಷ್ ಓದಿ ಓದಿ ನಗ್ತಿದ್ದ. ಈಗ ನಗೂದು ಬಿಟ್ಟಾನ. ನಮ್ಮನ್ಯಾಗ ಕಾನ್ವೆಂಟಿನ ಟೀಚರ್ ಕುಂತಾಳ ಅಂತ ಅವಗೇನ್ ಗೊತ್ತು!"

"ಉಪ್ಪಿಟ್ಟು ಆರ್ತಾ ಇದೆ, ತಿನ್ನಿ."

"ಆರಲಿ. ಬಿಸಿ ನಿನ್ನ ಕಡೀಗೇ ಬರ್ತೈತಿ, ಮನಿಯಾಗಿನ ಬಿಸಿ ಮನಿಯಾಗ."

ನಾನು ಅವರ ಕತ್ತಿನ ನೊರೆ ಒರೆಸಿದೆ. ಕೇಳಬಾರದೆಂದುಕೊಂಡಿದ್ದನ್ನು ಕೇಳಿಯೂಬಿಟ್ಟೆ. "ನಿಮಗೆ ಇದು ಸಿಗ್ಲೇಬೇಕು ಅನ್ಸುತ್ತಾ?"

ಚಮಚ ತಟ್ಟೆಯ ಮೇಲೆ ನಿಂತಿತು. "ನೋಡು, ಹದಿನೆಂಟ್ ವರ್ಷ ಆತು. ನಾ ಬರೆದಿದ್ದು ಒಂದೂ ಕಟ್ಟಿದ್ದನ್ನ ನೋಡಿಲ್ಲ ನಾ. ಕಾಗದ ನಂದು, ಹೋಗಿ ಕಟ್ಟಾವ್ರು ಬ್ಯಾರೆ. ಒಂದರೆ ಕಣ್ಣಾರೆ ನೋಡಬೇಕಲ್ಲ, ಮೊದಲ್ನೇ ಸಲ ಉಗಿ ಬಿಟ್ಟಾಗ ಪೈಪ್ ಹೆಂಗ ಸದ್ದು ಮಾಡ್ತೈತಿ ಅಂತ."

ಅಷ್ಟು ಹೇಳಿ ಅವರಿಗೇ ನಾಚಿಕೆಯಾದಂತಿತ್ತು. ಬೇಗ ಬೇಗ ತಿಂದು ಎದ್ದರು. ವರದಿಯನ್ನು ಚೀಲಕ್ಕೆ ಸೇರಿಸಿ, "ಬರ್ತೇನಿ" ಎಂದರು. ಲಿಫ್ಟಿನ ಕಬ್ಬಿಣದ ಬಾಗಿಲು ಎಳೆದುಕೊಂಡ ಸದ್ದು, ಕೆಳಗೆ ಗೇಟಿನ ಸದ್ದು. ಆಮೇಲೆ ಫ್ರಿಜ್ಜಿನ ಸದ್ದು ಮಾತ್ರ.

ಮನೆ ಖಾಲಿಯಾದಾಗ ನಾನು ಸಾಮಾನ್ಯವಾಗಿ ಮೊದಲು ಅವರ ತಟ್ಟೆ ತೊಳೆಯುತ್ತೇನೆ. ಆ ದಿನ ತೊಳೆಯದೆ ಎದುರು ಕುಳಿತೆ. ತಟ್ಟೆಯ ಅಂಚಿನಲ್ಲಿ ಕರಿಬೇವಿನ ಎಲೆಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಯೋಚಿಸುವಾಗ ಹಾಗೆ ಮಾಡುತ್ತಾರೆ. ನಾನು ಎಂಜಿನಿಯರಲ್ಲ, ಕಾಮಾ ನೋಡುವವಳು, ಎಂದುಕೊಂಡೆ. ಅವರ ಆಫೀಸಿನಲ್ಲಿ ಬೇರೆ ಯಾರೂ ನೋಡುವುದಿಲ್ಲವೇ? ನನಗೇ ತಪ್ಪಾಗಿ ಕಂಡಿರಬಹುದು. ಒಂದೊಂದು ಸಮಾಧಾನವೂ ಸ್ವಲ್ಪ ಹೊತ್ತು ನಿಂತು ಹೋಗುತ್ತಿತ್ತು.

ಶಾಲೆಯಲ್ಲಿ ಕ್ಯಾಥೊಲಿಕ್ ಹುಡುಗಿಯರಿಗೆ ಧರ್ಮದ ಪಾಠ ನಡೆಯುವಾಗ ನಾವು ಹಿಂದೂ ಹುಡುಗಿಯರು ಹಿಂದಿನ ಬೆಂಚಿನಲ್ಲಿ ಕಸೂತಿ ಹಾಕುತ್ತ ಕೂರುತ್ತಿದ್ದೆವು. ಸ್ಕೇಲಿನ ಸಿಸ್ಟರೇ ಪಾಠ ಮಾಡುತ್ತಿದ್ದರು. ಮಾಡಿದ ತಪ್ಪನ್ನು ಹೇಳಿಕೊಳ್ಳುವುದು ಸುಲಭ ಹುಡುಗೀರಾ, ಮಾಡಬೇಕಾದ್ದನ್ನು ಮಾಡದೆ ಬಿಟ್ಟಿರುತ್ತೀರಲ್ಲ, ಅದನ್ನು ಹುಡುಕಿ ಹೇಳಿ ನೋಡೋಣ, ಎನ್ನುತ್ತಿದ್ದರು. ಆಗ ನನಗೆ ಹುಡುಕಿದರೂ ಒಂದೂ ಸಿಗುತ್ತಿರಲಿಲ್ಲ.

ಮನೆಯಲ್ಲಿ ಕೂರಲಾಗದೆ, ಶಿವಾಜಿನಗರದ ದರ್ಜಿಯ ಬಳಿ ಹೊಲಿಯಲು ಕೊಟ್ಟಿದ್ದ ರವಿಕೆಗಳನ್ನು ತರೋಣ ಎಂದು ಹೊರಟೆ. ಇಂದಿರಾನಗರದ ಮೆಟ್ರೊ ನಿಲ್ದಾಣದಲ್ಲಿ ಮೇಲೆ ಹತ್ತಲು ಎರಡು ಕಡೆ ಮೆಟ್ಟಿಲು. ಶಿವಾಜಿನಗರಕ್ಕೆ ಹೋಗಲು ಎಂ.ಜಿ. ರಸ್ತೆಯ ಕಡೆಯ ರೈಲು ಹಿಡಿಯಬೇಕು. ನಾನು ಅವರ ಆಫೀಸಿನ ದಿಕ್ಕಿನ, ವೈಟ್‌ಫೀಲ್ಡ್ ಕಡೆಯ ಮೆಟ್ಟಿಲು ಹತ್ತಿದೆ. ನಿಶ್ಚಯ ಮಾಡಿ ಹತ್ತಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಮೇಲೆ ಹೋದ ಮೇಲೆ ನಾನು ಯಾವ ಕಡೆ ನಿಂತಿದ್ದೇನೆಂದು ಗೊತ್ತಾಯಿತು.

ರೈಲಿನಲ್ಲಿ ನನ್ನ ಪಕ್ಕ ಕತ್ತಿಗೆ ಆಫೀಸಿನ ಕಾರ್ಡು ಹಾಕಿಕೊಂಡ ಹುಡುಗಿಯೊಬ್ಬಳು ಫೋನಿನಲ್ಲಿದ್ದಳು. "ಬಂದ್ಬಿಟ್ಟೆ ಮಗಾ! ಕೆ.ಆರ್. ಪುರ ದಾಟ್ತಾ ಇದೀನಿ ಅಂತ ಹೇಳು. ಟೀಮ್ ಲೀಡ್ ಕೇಳಿದ್ರೆ ವಾಶ್‌ರೂಮಲ್ಲಿದಾಳೆ ಅನ್ನು." ರೈಲು ಇನ್ನೂ ಇಂದಿರಾನಗರ ಬಿಟ್ಟು ನಿಮಿಷವಾಗಿರಲಿಲ್ಲ. ಫೋನಿಟ್ಟು ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡು ನಕ್ಕಳು. ನಾನೂ ನಕ್ಕೆ. ಅವಳ ಸುಳ್ಳು ಎಷ್ಟು ಹಗುರವಾಗಿತ್ತೆಂದರೆ ನನಗೆ ಹೊಟ್ಟೆಕಿಚ್ಚಾಯಿತು.

ಬೈಯಪ್ಪನಹಳ್ಳಿಯಲ್ಲಿ ಇಳಿದೆ. ಹತ್ತೂಮುಕ್ಕಾಲು. ಪ್ಲಾಟ್‌ಫಾರಂ ತುದಿಯ ಬೆಂಚಿನಲ್ಲಿ ಕುಳಿತು ಫೋನ್ ಮಾಡಿದೆ. ಮೊದಲ ಸಲ ಎತ್ತಲಿಲ್ಲ. ಅಷ್ಟಕ್ಕೇ ಬಿಡಬಹುದಿತ್ತು. ಮಾಡಿದ್ದೆನಲ್ಲ, ಅವರು ಎತ್ತಲಿಲ್ಲ, ಎಂದು ನನಗೆ ನಾನೇ ಹೇಳಿಕೊಳ್ಳಬಹುದಿತ್ತು. ಮತ್ತೆ ಮಾಡಿದೆ.

"ಏನಾತು? ಗ್ಯಾಸಿನ ವಾಸನಿ ಬರಾಕತ್ತೈತೇನು?" ಆ ಹೊತ್ತಿನಲ್ಲಿ ನಾನು ಫೋನ್ ಮಾಡಿದ್ದು ಅವರಿಗೆ ಗಾಬರಿಯಾಗಿತ್ತು.

"ಇಲ್ಲ ರೀ. ಹದಿನಾಲ್ಕನೇ ಪುಟ ತೆಗೀರಿ."

"ಈಗ? ಯಾಕ?"

"ತೆಗೀರಿ ಅಂದ್ರೆ. ಮೂರನೇ ಸಾಲು, ಗಂಟೆ ನೋಡಿ. ಬೇರೆ ಕಡೆಯೆಲ್ಲ ಎಂಟು ಸಾವಿರ ಇದೆ."

ಪುಟ ಮಗುಚಿದ ಸದ್ದು ಕೇಳಿಸಿತು.

"ಅಯ್ಯ ನಮ್ಮವ್ವಾ," ಎಂದರು ಮೆಲ್ಲಗೆ. ಅವರು ತಾಯಿಯನ್ನು ಕರೆಯುವುದು ಜ್ವರ ಬಂದಾಗ ಮಾತ್ರ. ಅಷ್ಟರಲ್ಲಿ ಮುಂದಿನ ರೈಲಿನ ಘೋಷಣೆ ಶುರುವಾಯಿತು. "ಎಲ್ಲಿದ್ದಿ ನೀ? ಏನದು ಗದ್ದಲ?"

"ಮಾರ್ಕೆಟ್ಟಿಗೆ ಬಂದಿದ್ದೆ."

"ಆತು, ಇಡ್ತೇನಿ, ಇಡ್ತೇನಿ."

ಬೆಂಚಿನಿಂದ ಡಿಪೋದ ಹಳಿಗಳು ಕಾಣುತ್ತಿದ್ದವು. ಖಾಲಿ ರೈಲುಗಳು ಬಾಗಿಲು ಮುಚ್ಚಿಕೊಂಡು ಸಾಲಾಗಿ ನಿಂತಿದ್ದವು, ಒಂದರೊಳಗೆ ಯಾರೋ ಹೆಂಗಸು ನೆಲ ಒರೆಸುತ್ತ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದಳು. ಅವಳು ಆ ತುದಿ ಮುಟ್ಟುವವರೆಗೆ ನೋಡಿದೆ. ಶಿವಾಜಿನಗರಕ್ಕೆ ಹೋಗುವ ಮನಸ್ಸಾಗಲಿಲ್ಲ.

ಮಧ್ಯಾಹ್ನ ಬೆಳಿಗ್ಗೆಯ ಉಪ್ಪಿಟ್ಟನ್ನೇ ತಿಂದೆ. ಹನ್ನೆರಡಾಯಿತು, ಎರಡಾಯಿತು. ಫೋನನ್ನು ಊಟದ ಮೇಜಿನ ಮೇಲೆ ಮುಖ ಕೆಳಗಾಗಿಸಿ ಇಟ್ಟೆ, ಮತ್ತೆ ತಿರುಗಿಸಿ ಇಟ್ಟೆ. ತಪ್ಪು ತಿಳಿದ ಮಾತ್ರಕ್ಕೆ ಒಂದು ಗಂಟೆಯಲ್ಲಿ ಸರಿಮಾಡಲು ಆಗುತ್ತದೆಯೇ? ಆಗದೆ ಹೋಗಲಿ ಎಂಬ ಆಸೆ ಆಗಲೂ ಇತ್ತು. ಹೇಳಿದ ಪುಣ್ಯವೂ ಬರಬೇಕು, ಅವರು ಇಲ್ಲೇ ಉಳಿಯಲೂ ಬೇಕು. ಹಾಗೆ ನಾನು ಚೌಕಾಸಿ ಮಾಡುತ್ತಿದ್ದೆ, ಯಾರೊಡನೆ ಎಂದು ತಿಳಿಯದು.

ಅವರು ಬಂದದ್ದು ಆರು ಗಂಟೆಗೆ. ಅಷ್ಟು ಬೇಗ ಬಂದದ್ದು ನೆನಪಿಲ್ಲ. ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ. ಚಪ್ಪಲಿಗೂಡಿನ ಹತ್ತಿರವೇ ನಿಂತು, "ಪಾಸಾತು! ನಮ್ಮದಽ ಪಾಸಾತು!" ಎಂದರು.

ಒಂದು ತುಂಡನ್ನು ನನ್ನ ಬಾಯಿಗಿಟ್ಟು, ತಾವೂ ತಿನ್ನುತ್ತ, ಒಂದೇ ಉಸಿರಿನಲ್ಲಿ ಹೇಳಿದರು. ಗಂಟೆ ತಿದ್ದಿ ಲೆಕ್ಕ ಹಾಕಿದಾಗ ಆ ಕೊನೆಯ ಎಕ್ಸ್‌ಚೇಂಜರು ತನ್ನ ಉಕ್ಕಿನ ಖರ್ಚನ್ನೂ ದುಡಿಯುವಂತಿರಲಿಲ್ಲವಂತೆ. ಅದನ್ನು ಪೂರ್ತಿ ಕಿತ್ತುಹಾಕಿ, ಆ ಎರಡು ಪುಟ ಮತ್ತೆ ಮುದ್ರಿಸಿ, ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಒಳಗೆ ಓಡಿದರಂತೆ.

"ಮಜಾ ಕೇಳು. ಪುಣೆಯವ್ರೂ ಅಲ್ಲೇ ಅಂಥಾದ್ದಽ ಒಂದು ಹಾಕಿದ್ರು. ದೊಡ್ಡ ಸಾಹೇಬ್ರು ಅದನ್ನಽ ಹಿಡದ್ರು. ಇದು ಯಾವ ಕಾಲಕ್ಕ ತನ್ನ ರೊಕ್ಕ ತಾ ದುಡೀತೈತಿ, ಬೆಂಗಳೂರಿನವ್ರು ನೋಡ್ರಿ, ವಿಚಾರ ಮಾಡಿ ಬಿಟ್ಟಾರ, ಅಂದ್ರು! ನಿನ್ನ ಫೋನ್ ಬರದಿದ್ರ ನಾನೂ ಅದಽ ಕೆಸರಾಗ ಬೀಳ್ತಿದ್ದೆ."

"ಆ ಬಿಸಿ ಏನಾಗುತ್ತೆ?"

"ಯಾವ ಬಿಸಿ?"

"ತೆಗೆದ್ರಲ್ಲ, ಅದರದ್ದು."

"ಅದಾ? ಗಾಳಿಗೆ ಹೋಗ್ತೈತಿ. ಕೂಲಿಂಗ್ ಟವರ್‌ದಾಗ ಬಿಟ್ಟುಬಿಡೂದು. ಅಷ್ಟ್ ಸಣ್ಣದಕ್ಕ ಖರ್ಚು ಮಾಡ್ತಾರೇನು, ಹುಚ್ಚಿ."

ನಾನು ಕಾಯುತ್ತಿದ್ದೆ. ವರದಿ ಬುಧವಾರ ಸಂಜೆಯಿಂದಲೇ ನನ್ನ ಕೈಯಲ್ಲಿತ್ತು. ತಪ್ಪನ್ನು ಯಾವಾಗ ನೋಡಿದೆ, ಬೆಳಿಗ್ಗೆ ಕೇಳಿದಾಗ ಯಾಕೆ ಹೇಳಲಿಲ್ಲ ಎಂದು ಅವರು ಈಗ ಕೇಳುತ್ತಾರೆ, ನಾನು ನಿಜ ಹೇಳುತ್ತೇನೆ, ನೀವು ಹೋಗುವುದು ನನಗೆ ಬೇಡವಾಗಿತ್ತು ಎನ್ನುತ್ತೇನೆ. ಬೈಗುಳವಾದರೂ ಸರಿ, ಆ ಮಾತು ನಮ್ಮಿಬ್ಬರ ನಡುವೆ ಒಮ್ಮೆ ಬರುತ್ತದೆ. ಪೈಪಿನೊಳಗೆ ಹರಿಯುವ ಹನಿಹನಿಯ ಲೆಕ್ಕ ಇಡುವವರು ಇದನ್ನು ಕೇಳದೆ ಬಿಟ್ಟಾರೆಯೇ ಎಂದು ಅವರ ಮುಖವನ್ನೇ ನೋಡುತ್ತಿದ್ದೆ.

ಅವರು ಕೇಳಲಿಲ್ಲ. ಡಬ್ಬಿ ಮುಚ್ಚಿ, ಕೈ ಒರೆಸಿಕೊಂಡು, "ಮುಂದಿನ ತಿಂಗಳ ಮೊದಲ್ನೇ ವಾರಾನ ಹೊಂಡೂದು. ಅಣ್ಣಗ ಒಂದ್ ಫೋನ್ ಮಾಡಿ ಬರ್ತೇನಿ ತಡಿ," ಎಂದು ಕೋಣೆಗೆ ಹೋದರು. ಮುಚ್ಚಿದ ಬಾಗಿಲಿನಾಚೆ ಅವರ ದನಿ ಏರುವುದು, ನಗುವುದು ಕೇಳಿಸುತ್ತಿತ್ತು. ಉಗಿ, ಪೈಪು, ಸಮುದ್ರ. ಅಷ್ಟು ಖುಷಿಯ ದನಿಯನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಅದಕ್ಕೆ ನಾನೂ ಕಾರಣ ಎಂದು ಸಂತೋಷಪಡಲು ಪ್ರಯತ್ನಿಸಿದೆ, ಸ್ವಲ್ಪ ಬಂತು ಕೂಡ. ಒಣಗಿದ ಬಟ್ಟೆ ತರುತ್ತೇನೆ ಎಂದು ಬಾಗಿಲಿಗೇ ಹೇಳಿ ಮಹಡಿ ಹತ್ತಿದೆ.

ತಾರಸಿಯ ಮೇಲೆ ಮನೆಯೊಡತಿ ಇದ್ದರು. ಮೇಲಿನ ಮಹಡಿಯಲ್ಲಿ ಅವರ ವಾಸ, ಕೆಳಗಿನ ಮೂರರಲ್ಲಿ ನಾವು ಬಾಡಿಗೆಯವರು. ಇಲ್ಲೆಲ್ಲ ರಾಗಿ, ಸೊಪ್ಪು ಬೆಳೆಯುತ್ತಿದ್ದ ಹಳೇ ಊರಿನ ಮನೆತನ ಅವರದು. ಈಗಲೂ ಎದ್ದ ಕೂಡಲೇ ಮೊದಲು ಆಕಾಶ ನೋಡುತ್ತಾರೆ. ಒಣಗಿದ ದೊಡ್ಡ ಹೊದಿಕೆಯೊಂದನ್ನು ಒಬ್ಬರೇ ಮಡಿಸಲಾರದೆ ಒದ್ದಾಡುತ್ತಿದ್ದರು. ನಾನು ಹೋಗಿ ಇನ್ನೊಂದು ತುದಿ ಹಿಡಿದೆ.

"ಬಾರಮ್ಮ, ಸರ್ಯಾಗ್ ಬಂದೆ. ಎಳಿ ಆ ಕಡೆಗೆ. ಏನ್ ಇವತ್ತು ಮುಖ ಒಂಥರಾ ಇದೆ?"

"ಏನಿಲ್ಲ ಆಂಟಿ. ನಮ್ಮನೆಯವರು ಮುಂದಿನ ತಿಂಗಳು ಹೊರಗಡೆ ಹೋಗ್ತಾ ಇದ್ದಾರೆ, ಕೆಲಸದ ಮೇಲೆ. ಎರಡು ವರ್ಷ."

ನಾವು ಹೊದಿಕೆಯನ್ನು ಎರಡಾಗಿ, ನಾಲ್ಕಾಗಿ ಮಡಿಸುತ್ತ ಹತ್ತಿರ ಬಂದೆವು. ನನ್ನ ಕೈಯ ತುದಿಯನ್ನು ಅವರು ತೆಗೆದುಕೊಂಡರು.

"ಅಯ್ಯೋ, ಈಗ ಹೋಗ್ತಾವ್ರಾ?" ಎಂದರು, ಹಗ್ಗದ ಕ್ಲಿಪ್ಪುಗಳನ್ನು ಒಂದೊಂದಾಗಿ ಕೀಳುತ್ತ. "ಅವ್ರು ಇಲ್ಲೇ ಇದ್ರಾ? ಯಾವಾಗ್ಲೂ ನೀನೊಬ್ಳೇ ಕಾಣ್ತೀಯ, ಅವ್ರು ಹೋಗಿ ಒಂದೊರ್ಷಾನೇ ಆಯ್ತೇನೋ ಅಂದ್ಕೊಂಡಿದ್ನಲ್ಲಮ್ಮ ನಾನು."